ಅವಸರದಲ್ಲಿ ಕೊಟ್ಟ ಮಾರ್ಕ್ಸ್

‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಬಂದ ದಿನ ಓದೋಕೆ ರಿವ್ಯೂಗಳೇ ಇರಲಿಲ್ಲ. 2025ರ ಸೆಪ್ಟೆಂಬರ್ 4, ನಮ್ಮಲ್ಲಿ ಸಂಜೆ ಏಳೂವರೆ. ಗೇಮ್ ಮಾರಾಟಕ್ಕೆ ಬಿಟ್ಟ ಕೂಡಲೇ ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್ ಸುಸ್ತಾಗಿ ಕೂತುಬಿಟ್ಟಿತು. ನಿಂಟೆಂಡೊ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಅಂಗಡಿಗಳದ್ದೂ ಅದೇ ಪಾಡು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಟೀಮ್ ಚೆರ್ರಿ ಅನ್ನೋ ಪುಟಾಣಿ ತಂಡ, ಇಪ್ಪತ್ತು ಡಾಲರ್‌ನ ಟು-ಡಿ ಗೇಮ್ ಒಂದರಿಂದ ಇಷ್ಟು ದೊಡ್ಡ ಅಂಗಡಿಗಳನ್ನು ನಡುಗಿಸಿದ್ದು ನೋಡೋಕೆ ಮಜವಾಗಿತ್ತು. ಮೊದಲ ದಿನವೇ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಐದು ಲಕ್ಷಕ್ಕಿಂತ ಜಾಸ್ತಿ ಜನ ಆಡುತ್ತಿದ್ದರು. 2019ರ ಫೆಬ್ರವರಿಯಲ್ಲಿ ಘೋಷಣೆಯಾದ ಗೇಮ್ ಇದು. ಆರು ವರ್ಷ ಜನ ಕಾದು, ಬೈದು, ಜೋಕ್ ಮಾಡಿ ಸುಸ್ತಾಗಿದ್ದರು. ಕೊನೆಗೆ ತಾರೀಕು ಹೇಳಿದ್ದು ಬಿಡುಗಡೆಗೆ ಬರೀ ಎರಡು ವಾರ ಮುಂಚೆ.

ಇಷ್ಟು ಹೆಸರಿರುವ ಗೇಮ್ ಆದರೆ ಸಾಮಾನ್ಯವಾಗಿ ವಾರ, ಹತ್ತು ದಿನ ಮೊದಲೇ ರಿವ್ಯೂ ಬರೆಯೋರ ಕೈಗೆ ಗೇಮ್ ತೆರೆಯೋ ಕೋಡ್ ಹೋಗಿರುತ್ತದೆ. ಇಂಥ ದಿನ, ಇಂಥ ಗಂಟೆಗೆ ಮುಂಚೆ ಏನೂ ಬರೆಯಬಾರದು ಅಂತ ಷರತ್ತು ಇರುತ್ತದೆ. ಆ ಗಂಟೆ ಹೊಡೆದ ಕೂಡಲೇ ಎಲ್ಲ ಸೈಟುಗಳಲ್ಲೂ ಒಟ್ಟಿಗೆ ಮಾರ್ಕ್ಸ್ ಬೀಳುತ್ತದೆ. ಟೀಮ್ ಚೆರ್ರಿ ಮಾತ್ರ ಯಾರಿಗೂ ಮುಂಚೆ ಕೋಡ್ ಕಳಿಸಲಿಲ್ಲ. ಮೊದಲಿಂದ ದುಡ್ಡು ಹಾಕಿ ಬೆನ್ನಿಗೆ ನಿಂತವರಿಗಿಂತ ಮೊದಲು ಬೇರೆಯವರು ಆಡೋದು ಸರಿಯಲ್ಲ ಅನ್ನೋದು ಅವರ ಲೆಕ್ಕ. ಹಾಗಾಗಿ ದೊಡ್ಡ ಸೈಟಿನ ರಿವ್ಯೂವರ್ರೂ, ರಾತ್ರಿ ಊಟ ಮುಗಿಸಿ ಕೂತ ನಾನೂ ಒಂದೇ ಸಾಲಿನಲ್ಲಿ ನಿಂತಿದ್ದೆವು.

ನನಗೆ ಇದು ತುಂಬಾ ಹಿಡಿಸಿತು. ಯಾರಾದರೂ ‘ಹತ್ತಕ್ಕೆ ಒಂಬತ್ತು’ ಅಂದಮೇಲೆ ನಾವು ಆ ಒಂಬತ್ತನ್ನು ಹುಡುಕಿಕೊಂಡೇ ಆಡುತ್ತೇವೆ. ಸಿಲ್ಕ್‌ಸಾಂಗ್‌ನ ಮೊದಲ ಕೆಲವು ರಾತ್ರಿ ಆ ಗದ್ದಲ ಇರಲಿಲ್ಲ. ಹಾರ್ನೆಟ್ ಅನ್ನೋ ಸೂಜಿ ಹಿಡಿದ ಹುಡುಗಿಯನ್ನು ಪಂಜರದಲ್ಲಿ ಫಾರ್ಲೂಮ್ ಅನ್ನೋ ಗೊತ್ತಿಲ್ಲದ ನಾಡಿಗೆ ತಂದು ಬಿಸಾಡುತ್ತಾರೆ. ಅವಳಿಗೆ ದಾರಿ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಎಲ್ಲೋ ಮೇಲೆ ಸಿಟಡೆಲ್ ಇದೆ, ಅಲ್ಲಿಗೆ ಹತ್ತಬೇಕು ಅಂತ ಗೊತ್ತು. ಅಷ್ಟೇ.

ಆಮೇಲೆ ಶುರುವಾಯಿತು ಜಗಳ. ಗೇಮ್ ಸಿಕ್ಕಾಪಟ್ಟೆ ಕಷ್ಟ ಅಂತ ಒಂದು ಗುಂಪು, ಆಡೋಕೆ ಬರದಿದ್ದರೆ ಸುಮ್ನಿರಿ ಅಂತ ಇನ್ನೊಂದು ಗುಂಪು. ಕಷ್ಟ ಇರೋದು ನಿಜ. ಹಾರ್ನೆಟ್‌ಗೆ ಶುರುವಿನಲ್ಲಿ ಇರೋದು ಐದು ಮಾಸ್ಕ್, ಅವೇ ಅವಳ ಪ್ರಾಣದ ಲೆಕ್ಕ. ಬಹಳಷ್ಟು ಶತ್ರುಗಳು ಒಂದೇ ಏಟಿಗೆ ಎರಡು ಮಾಸ್ಕ್ ಕಿತ್ತುಕೊಳ್ಳುತ್ತವೆ. ಅಂದರೆ ಮೂರು ತಪ್ಪು ಮಾಡಿದರೆ ಕಥೆ ಮುಗೀತು. ಕೂತು ಸುಧಾರಿಸಿಕೊಳ್ಳೋ ಬೆಂಚಿಗೂ ಕೆಲವು ಕಡೆ ದುಡ್ಡು ಕೊಡಬೇಕು. ಇದಕ್ಕೂ ಮೊದಲಿನ ಹಳೇ ಗೇಮ್ ‘ಹಾಲೋ ನೈಟ್’ನಲ್ಲಿ ನೇರ ಕೆಳಕ್ಕೆ ಹೊಡೆದು ಶತ್ರುವಿನ ತಲೆ ಮೇಲೆ ಪುಟಿಯುತ್ತಿದ್ದವರಿಗೆ, ಇಲ್ಲಿ ಹಾರ್ನೆಟ್ ಓರೆಯಾಗಿ ಎರಗೋದು ಕೈಗೆ ಹತ್ತೋಕೇ ಸಮಯ ಬೇಕು. ವಾರ ತುಂಬೋ ಹೊತ್ತಿಗೆ ಗೇಮ್ ತಿದ್ದೋ ಮೊದಲ ಪ್ಯಾಚ್ ಘೋಷಿಸಿ, ಮೂರ್‌ವಿಂಗ್ ಮತ್ತು ಸಿಸ್ಟರ್ ಸ್ಪ್ಲಿಂಟರ್ ಅನ್ನೋ ಎರಡು ಬಾಸ್‌ಗಳನ್ನು, ಅಂದರೆ ದೊಡ್ಡ ಶತ್ರುಗಳನ್ನು, ಟೀಮ್ ಚೆರ್ರಿಯವರು ಸ್ವಲ್ಪ ಸುಲಭ ಮಾಡಿದರು.

ಆದರೆ ಆ ಜಗಳದಲ್ಲಿ ಯಾರೂ ಜಾಸ್ತಿ ಮಾತಾಡದ ಒಂದು ವಿಷಯ ಇತ್ತು. ಆ ವಾರ ಬರೆಯುತ್ತಿದ್ದವರೆಲ್ಲ ಓಡುತ್ತಾ ಆಡುತ್ತಿದ್ದರು. ರಿವ್ಯೂ ಬರೆಯೋರು ಬೇರೆ ಸೈಟಿಗಿಂತ ಮೊದಲು ಮುಗಿಸಬೇಕು. ಯೂಟ್ಯೂಬ್‌ನವರು ಜನರ ಆಸಕ್ತಿ ಆರೋ ಮುಂಚೆ ವಿಡಿಯೊ ಹಾಕಬೇಕು. ಉಳಿದವರಿಗೆ ಕಥೆ ಎಲ್ಲಿ ಗೊತ್ತಾಗಿಬಿಡುತ್ತೋ ಅನ್ನೋ ಹೆದರಿಕೆ. ಸಿಲ್ಕ್‌ಸಾಂಗ್ ಓಡುತ್ತಾ ಆಡೋ ಗೇಮೇ ಅಲ್ಲ. ಶುರುವಿನಲ್ಲೇ ಹಂಟರ್ಸ್ ಮಾರ್ಚ್ ಅನ್ನೋ ಜಾಗ ಸಿಗುತ್ತದೆ. ಅಲ್ಲಿ ಇರುವೆಗಳು ಬಡಿದು ಬಿಸಾಡುತ್ತವೆ. ಅಲ್ಲಿಗೆ ಆಗಲೇ ಹೋಗಲೇಬೇಕು ಅಂತ ಗೇಮ್ ಎಲ್ಲೂ ಹೇಳಲ್ಲ. ವಾಪಸ್ ಬಂದು ಬೇರೆ ದಾರಿ ಹಿಡಿಯಬಹುದು. ಅಲ್ಲಿ ಇಲ್ಲಿ ಸುತ್ತಿ, ಹೊಡೆಯೋ ಶೈಲಿ ಬದಲಿಸೋ ವಾಂಡರರ್ ಕ್ರೆಸ್ಟ್ ಸಿಕ್ಕಿದರೆ ಹಳೇ ಗೇಮ್‌ನಂತೆ ನೇರ ಕೆಳಕ್ಕೆ ಹೊಡೆಯೋದೂ ಬರುತ್ತದೆ. ಕಷ್ಟ ಅನ್ನಿಸಿದರೆ ಬೇರೆ ಕಡೆ ಹೋಗಿ ಬನ್ನಿ ಅನ್ನೋದೇ ಇದರ ಇಡೀ ಲೆಕ್ಕಾಚಾರ. ಗಡುವು ಇಟ್ಟುಕೊಂಡು ಕೂತವನಿಗೆ ಬೇರೆ ಕಡೆ ಹೋಗಿ ಬರೋ ಪುರುಸೊತ್ತು ಎಲ್ಲಿರುತ್ತದೆ?

ನಾನು ಆಡೋದು ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಗಂಟೆ ಒಂದೂವರೆ ಗಂಟೆ. ಬಾಸ್ ಹತ್ತಿರ ಒದೆ ತಿಂದು ಮಲಗಿದರೆ ಮರುದಿನ ಕೈ ತಾನಾಗೇ ಸರಿಯಾಗಿ ಓಡುತ್ತದೆ. ಇದು ಗೇಮ್ ಆಡೋರಿಗೆಲ್ಲ ಗೊತ್ತಿರೋ ವಿಷಯ. ನಿದ್ದೆ ಅನ್ನೋದು ಇಂಥ ಗೇಮ್‌ಗಳಲ್ಲಿ ಅರ್ಧ ಟ್ರೇನಿಂಗ್. ಎರಡೇ ದಿನದಲ್ಲಿ ಮುಗಿಸಬೇಕಾದವನಿಗೆ ಆ ಅರ್ಧವೇ ಇಲ್ಲ.

ಹಾಗಂತ ಎಲ್ಲವೂ ಸರಿ ಅಂತ ನಾನು ವಾದ ಮಾಡಲ್ಲ. ಲಾಸ್ಟ್ ಜಡ್ಜ್ ಅನ್ನೋ ಬಾಸ್ ಹತ್ತಿರ ಸತ್ತರೆ, ಬೆಂಚಿನಿಂದ ಅವನವರೆಗೆ ಮತ್ತೆ ಗಾಳಿ, ಮುಳ್ಳು, ಹುಳ ದಾಟಿಕೊಂಡು ಹೋಗಬೇಕು. ಅದರಲ್ಲಿ ಕಲಿಯೋದು ಏನೂ ಇಲ್ಲ, ಬರೀ ಕಾಲ ಕಳೆಯೋದು. ಮೇಲಾಗಿ ಆ ಪುಣ್ಯಾತ್ಮ ಸತ್ತ ಮೇಲೂ ಸಿಡಿಯುತ್ತಾನೆ. ಗೆದ್ದೆ ಅಂತ ಹತ್ತಿರ ನಿಂತಿದ್ದರೆ ನಮಗೂ ಗತಿ ಕಾಣಿಸುತ್ತಾನೆ. ಆ ತಮಾಷೆಗೆ ನಾನು ನಕ್ಕೆ, ಸುಳ್ಳು ಹೇಳಲ್ಲ. ಬೈಲ್‌ವಾಟರ್ ಮಾತ್ರ ನಗು ಬರೋ ಜಾಗ ಅಲ್ಲ. ಹುಳ ತುಂಬಿದ ನೀರಿಗೆ ಬಿದ್ದರೆ ಅದನ್ನು ಕಳೆದುಕೊಳ್ಳೋವರೆಗೆ ಗಾಯ ವಾಸಿ ಮಾಡಿಕೊಳ್ಳೋಕಾಗಲ್ಲ. ಹತ್ತಿರದ ಬೆಂಚನ್ನು ಗುಟ್ಟಾದ ಗೋಡೆಯ ಹಿಂದೆ ಬಚ್ಚಿಟ್ಟಿದ್ದಾರೆ. ಇದು ಕಷ್ಟ ಅಲ್ಲ, ಬರೀ ಕಿರಿಕಿರಿ. ಎಷ್ಟು ನಿಧಾನವಾಗಿ ಆಡಿದರೂ ಕಿರಿಕಿರಿಯೇ. ಇವೆರಡರ ವ್ಯತ್ಯಾಸ ಹೇಳೋದೇ ರಿವ್ಯೂ ಬರೆಯೋರ ಕೆಲಸ ಅಂತ ನನ್ನ ನಂಬಿಕೆ. ಅವಸರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ರಿವ್ಯೂ ಅಂದ ಕೂಡಲೇ ‘ದುಡ್ಡು ತಿಂದು ಬರೀತಾರೆ’ ಅನ್ನೋರು ಇದ್ದಾರೆ. ಆ ಅನುಮಾನಕ್ಕೆ ಕಾರಣ ಇಲ್ಲದೆ ಇಲ್ಲ. 2007ರಲ್ಲಿ ಗೇಮ್‌ಸ್ಪಾಟ್ ಸೈಟಿನ ಜೆಫ್ ಗರ್ಸ್ಟ್‌ಮನ್ ‘ಕೇನ್ ಅಂಡ್ ಲಿಂಚ್’ ಗೇಮ್‌ಗೆ ಹತ್ತಕ್ಕೆ ಆರು ಕೊಟ್ಟರು. ಅದೇ ಹೊತ್ತಿಗೆ ಸೈಟಿನ ತುಂಬಾ ಅದೇ ಗೇಮ್‌ನ ಜಾಹೀರಾತು. ಸ್ವಲ್ಪ ದಿನದಲ್ಲೇ ಅವರ ಕೆಲಸ ಹೋಯಿತು. ಜಾಹೀರಾತಿನ ಒತ್ತಡಕ್ಕೂ ಅದಕ್ಕೂ ಸಂಬಂಧ ಇತ್ತು ಅಂತ ಅವರು ಬಾಯಿಬಿಟ್ಟು ಹೇಳೋಕೆ 2012 ಬರಬೇಕಾಯಿತು. ಇಂಥದ್ದು ನಡೆದಿದೆ. ಆದರೆ ನಾನು ಓದೋ ಹೆಚ್ಚಿನ ರಿವ್ಯೂಗಳ ತೊಂದರೆ ದುಡ್ಡಿನದಲ್ಲ, ಹೊತ್ತಿನದು. ಮದುವೆ ಮನೆಯಲ್ಲಿ ಹಿಂದೆ ಯಾರೋ ಕುರ್ಚಿ ಹಿಡಿದು ನಿಂತಿರುವಾಗ ಗಬಗಬ ತಿಂದ ಹೋಳಿಗೆ ಬಗ್ಗೆ ಎಷ್ಟು ಹೇಳೋಕಾಗುತ್ತದೆ? ರುಚಿ ಇತ್ತು ಅನ್ನಬಹುದು. ಸುಳ್ಳೂ ಅಲ್ಲ.

ಇದಕ್ಕೆ ನನಗೆ ಸಿಕ್ಕ ಒಳ್ಳೇ ಉದಾಹರಣೆ ‘ಕ್ಲೇರ್ ಒಬ್ಸ್‌ಕ್ಯೂರ್: ಎಕ್ಸ್‌ಪೆಡಿಶನ್ 33’. 2025ರ ಏಪ್ರಿಲ್ 24ಕ್ಕೆ ಬಂತು. ಫ್ರಾನ್ಸ್‌ನ ಮೊಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ ತಂಡದ ಮೊದಲ ಗೇಮ್. ಕಥೆ ಕೇಳಿದರೇ ಮೈ ಜುಂ ಅನ್ನುತ್ತದೆ. ದೂರದಲ್ಲಿ ಒಂದು ದೈತ್ಯ ಕಲ್ಲು. ಪ್ರತಿ ವರ್ಷ ಪೇಂಟ್ರೆಸ್ ಅನ್ನೋಳು ಎದ್ದು ಅದರ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ. ಆ ವಯಸ್ಸಿನವರು ಯಾರೂ ಉಳಿಯಲ್ಲ, ಹೂವಿನ ಎಸಳಿನಂತೆ ಗಾಳಿಯಲ್ಲಿ ಕರಗಿಹೋಗುತ್ತಾರೆ. ಸಂಖ್ಯೆ ವರ್ಷ ವರ್ಷ ಒಂದೊಂದೇ ಇಳಿಯುತ್ತಾ 33ಕ್ಕೆ ಬಂದಿದೆ. ಇನ್ನೊಂದೇ ವರ್ಷ ಬದುಕು ಉಳಿದಿರೋರು ಅವಳನ್ನು ಕೊಲ್ಲೋಕೆ ಹೊರಡುತ್ತಾರೆ. ಮೊದಲ ಒಂದು ಗಂಟೆಯಲ್ಲಿ, ಲೂಮಿಯೇರ್ ಊರಿನ ಬಂದರಿನಲ್ಲಿ ಜನ ಒಬ್ಬರಿಗೊಬ್ಬರು ವಿದಾಯ ಹೇಳೋ ಭಾಗ ಇದೆಯಲ್ಲ, ಈಚಿನ ವರ್ಷಗಳಲ್ಲಿ ನಾನು ಆಡಿದ ಯಾವ ಗೇಮ್‌ನಲ್ಲೂ ಅಂಥ ಶುರುವಾತು ಇಲ್ಲ.

ರಿವ್ಯೂಗಳು ಇದನ್ನು ಎತ್ತಿ ಆಡಿಸಿದವು. ಎಲ್ಲ ರಿವ್ಯೂಗಳ ಸರಾಸರಿ ತೆಗೆಯೋ ಮೆಟಾಕ್ರಿಟಿಕ್ ಸೈಟಿನಲ್ಲಿ ನೂರಕ್ಕೆ 90 ದಾಟಿತು. ಡಿಸೆಂಬರ್‌ನಲ್ಲಿ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಅಂತ ಬಹುಮಾನವೂ ಬಂತು. ಆ ಬಹುಮಾನದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಮೂರನೇ ಅಂಕ ಶುರುವಾದಾಗ ಒಂದು ಎಡವಟ್ಟು ಇದೆ. ಅಲ್ಲಿಯವರೆಗೆ ಒಂದು ಏಟಿಗೆ 9,999ಕ್ಕಿಂತ ಜಾಸ್ತಿ ಡ್ಯಾಮೇಜ್ ಆಗಲ್ಲ. ಮೂರನೇ ಅಂಕದಲ್ಲಿ ಆ ಮಿತಿ ತೆಗೆದು, ಇಡೀ ಪ್ರಪಂಚ ತೆರೆದಿಟ್ಟು, ಎಲ್ಲಿ ಬೇಕಾದರೂ ಸುತ್ತಿ ಅನ್ನುತ್ತದೆ ಗೇಮ್. ನಾವು ಬಾಯಿ ಚಪ್ಪರಿಸಿಕೊಂಡು ಎಲ್ಲ ಮೂಲೆ ಸುತ್ತುತ್ತೇವೆ. ಸುತ್ತಿ ಬಂದು ಕೊನೇ ಬಾಸ್ ಎದುರು ನಿಂತರೆ, ಅವನು ಮಾತು ಮುಗಿಸೋ ಮುಂಚೆ ಸತ್ತುಹೋಗುತ್ತಾನೆ. ಅಷ್ಟು ದೊಡ್ಡ ಕಥೆಯ ಕೊನೇ ಕಾಳಗ, ಅಷ್ಟು ಚೆಂದದ ಸಂಗೀತ, ಒಂದು ನಿಮಿಷವೂ ಇಲ್ಲ.

ಗಡುವಿನ ಹಿಂದೆ ಬಿದ್ದು ಕಥೆಯ ದಾರಿಯಲ್ಲೇ ನೇರ ಓಡಿದವನಿಗೆ ಇದು ಕಾಣಿಸೋದೇ ಇಲ್ಲ. ಅವನಿಗೆ ಕೊನೇ ಕಾಳಗ ಸರಿಯಾದ ಹದದಲ್ಲೇ ಸಿಕ್ಕಿರುತ್ತದೆ. ಬರೆದದ್ದೂ ಪ್ರಾಮಾಣಿಕವಾಗೇ ಇರುತ್ತದೆ. ಇಬ್ಬರೂ ದುಡ್ಡು ಕೊಟ್ಟು ತಂದದ್ದು ಒಂದೇ ಗೇಮ್, ಸಿಕ್ಕಿದ್ದು ಬೇರೆ ಬೇರೆ ಕೊನೆ. ಅಯ್ಯೋ, ರಿವ್ಯೂವರ್ ದುಡ್ಡು ಕೊಟ್ಟಿರಲ್ಲ ಅಂತೀರಾ? ಅದೂ ಸರಿ.

ಪ್ಯಾರಿ ಬಗ್ಗೆಯೂ ಒಂದು ಮಾತು. ಸರದಿ ಪ್ರಕಾರ ಹೊಡೆದಾಡೋ ಗೇಮ್‌ನಲ್ಲಿ ಶತ್ರುವಿನ ಏಟಿಗೆ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿ ತಡೆಯೋದು ಇದರ ಹೊಸತನ ಅಂತ ಎಲ್ಲರೂ ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಪ್ಯಾರಿ ಚೆನ್ನಾಗಿ ಕಲಿತವನಿಗೆ ಉಳಿದ ಲೆಕ್ಕಾಚಾರ ಎಲ್ಲ ಅರ್ಧ ಬೇಡವೇ ಆಗುತ್ತದೆ. ನನಗೆ ಕೆಲವು ಸಲ ಅನ್ನಿಸಿದ್ದುಂಟು, ಇದು ಆರ್‌ಪಿಜಿ (ಪಾತ್ರ ಬೆಳೆಸಿಕೊಂಡು ಕಥೆ ಆಡೋ ಗೇಮ್) ವೇಷ ಹಾಕಿದ ತಾಳದ ಗೇಮ್ ಅಂತ.

‘ಎಲ್ಡನ್ ರಿಂಗ್’ ಗೇಮ್‌ಗೆ ಆಮೇಲೆ ಸೇರಿಸಿದ ಹೆಚ್ಚುವರಿ ಭಾಗ (ಡಿಎಲ್‌ಸಿ) ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಬಂದಾಗ ಇದೇ ಕಥೆ ತಿರುಗುಮುರುಗಾಗಿತ್ತು. 2024ರ ಜೂನ್ 21. ವಿಮರ್ಶಕರು ಹಾಡಿ ಹೊಗಳಿದರು. ಸ್ಟೀಮ್‌ನಲ್ಲಿ ಮಾತ್ರ ‘ಮಿಕ್ಸ್ಡ್’ ಅಂತ ಬಿತ್ತು. ಪಿಸಿಯಲ್ಲಿ ತೊದಲುತ್ತದೆ ಅನ್ನೋ ದೂರು ಒಂದು ಕಡೆ, ವಿಪರೀತ ಕಷ್ಟ ಅನ್ನೋ ದೂರು ಇನ್ನೊಂದು ಕಡೆ. ಆ ನಾಡಿನ ತುಂಬಾ ಸ್ಕಾಡುಟ್ರೀ ಚೂರುಗಳು ಬಿದ್ದಿರುತ್ತವೆ. ಆರಿಸಿಕೊಂಡು ಬಂದರೆ ಹೊಡೆತಕ್ಕೆ ಬಲ ಬರುತ್ತದೆ, ತಿನ್ನೋ ಏಟು ಕಮ್ಮಿಯಾಗುತ್ತದೆ. ಹಳೇ ಗೇಮ್‌ನಲ್ಲಿ ನೂರಾರು ಗಂಟೆ ಸವೆಸಿ ಬಂದವರು, ಇನ್ನೇನು ಕಲಿಯೋದಿದೆ ಅಂತ ಸೀದಾ ಬಾಸ್ ಹತ್ತಿರ ಓಡಿದರು. ರೆಲ್ಲಾನಾ ಅನ್ನೋ ಬಾಸ್ ಅವರನ್ನು ಕತ್ತರಿಸಿ ಹಾಕಿದಳು. ಕೊನೆಗೆ ಗೇಮ್ ಹೊರತಂದ ಬಂದೈ ನಾಮ್ಕೊದವರೇ ‘ಚೂರು ಆರಿಸಿಕೊಳ್ಳಿ ಸ್ವಾಮಿ’ ಅನ್ನೋ ಅರ್ಥದಲ್ಲಿ ನೆನಪಿಸಬೇಕಾಯಿತು. ಒಂದು ವಾರದೊಳಗೆ ಪ್ಯಾಚ್ ಬಂದು, ಮೊದಲ ಕೆಲವು ಚೂರುಗಳಿಗೆ ಬಲ ಜಾಸ್ತಿ ಮಾಡಿದರು. ಇಲ್ಲಿ ಅವಸರ ಆಟಗಾರರದ್ದು. ಆದರೂ ಕೊನೇ ಬಾಸ್ ರಾಡಾನ್‌ನ ಎರಡನೇ ಹಂತದ ಬೆಳಕಿನ ಆರ್ಭಟದಲ್ಲಿ ಏನು ಬರುತ್ತಿದೆ ಅಂತಲೇ ಕಾಣುತ್ತಿರಲಿಲ್ಲ. ಅದನ್ನೂ ಆಮೇಲೆ ಪ್ಯಾಚ್‌ನಲ್ಲಿ ತಗ್ಗಿಸಿದರು. ಅಂದಮೇಲೆ ಕೂಗಿದವರದ್ದೆಲ್ಲ ಬರೀ ಅಳು ಅನ್ನೋಕಾಗಲ್ಲ.

ಈಗ ಸ್ಟೀಮ್ ರಿವ್ಯೂಗಳಿಗೆ ಬರೋಣ. ಅಲ್ಲಿ ಹತ್ತಕ್ಕೆ ಇಷ್ಟು ಅನ್ನೋದಿಲ್ಲ. ಹೆಬ್ಬೆರಳು ಮೇಲೆ, ಇಲ್ಲ ಕೆಳಗೆ. ನೂರಕ್ಕೆ ನಲವತ್ತರಿಂದ ಎಪ್ಪತ್ತರೊಳಗೆ ಮೇಲಕ್ಕಿದ್ದರೆ ‘ಮಿಕ್ಸ್ಡ್’. ತೊಂಬತ್ತೈದು ದಾಟಿ, ರಿವ್ಯೂಗಳೂ ಸಾಕಷ್ಟಿದ್ದರೆ ‘ಓವರ್‌ವೆಲ್ಮಿಂಗ್ಲಿ ಪಾಸಿಟಿವ್’. ಬರೆದವನು ಎಷ್ಟು ಗಂಟೆ ಆಡಿದ್ದ ಅನ್ನೋದನ್ನು ಪಕ್ಕದಲ್ಲೇ ತೋರಿಸುತ್ತದೆ. ನನ್ನ ಪ್ರಕಾರ ಇಡೀ ಪುಟದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಆ ಗಂಟೆಯ ಲೆಕ್ಕ. ಸಾವಿರ ಗಂಟೆ ಆಡಿ ‘ಯಾರೂ ತಗೋಬೇಡಿ’ ಅಂತ ಬರೆದವನ ನೋವು ಬೇರೆ, ಇಪ್ಪತ್ತು ನಿಮಿಷಕ್ಕೆ ಕ್ರ್ಯಾಶ್ ಆಗಿ ಬೈದವನ ನೋವು ಬೇರೆ. ಇಬ್ಬರದ್ದೂ ಒಂದೇ ಕೆಂಪು ಹೆಬ್ಬೆರಳು.

‘ಮಾನ್ಸ್ಟರ್ ಹಂಟರ್ ವೈಲ್ಡ್ಸ್’ ನೋಡಿ. 2025ರ ಫೆಬ್ರವರಿ 28ಕ್ಕೆ ಬಂತು. ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಹದಿಮೂರು ಲಕ್ಷಕ್ಕೂ ಹೆಚ್ಚು ಜನ. ಒಂದು ತಿಂಗಳಲ್ಲಿ ಒಂದು ಕೋಟಿ ಪ್ರತಿ ಮಾರಿದೆವು ಅಂತ ಕ್ಯಾಪ್‌ಕಾಮ್ ಹೇಳಿತು. ರಿವ್ಯೂಗಳೂ ಒಳ್ಳೇ ಮಾರ್ಕ್ಸ್ ಕೊಟ್ಟವು. ಸ್ಟೀಮ್‌ನಲ್ಲಿ ಮೊದಲ ದಿನವೇ ‘ಮಿಕ್ಸ್ಡ್’. ಅದೇ ವರ್ಷ ಜೂನ್ ಹೊತ್ತಿಗೆ ಹೊಸ ರಿವ್ಯೂಗಳು ಪಾತಾಳಕ್ಕೆ ಹೋಗಿ ‘ಓವರ್‌ವೆಲ್ಮಿಂಗ್ಲಿ ನೆಗೆಟಿವ್’ ಅಂತಾಯಿತು. ಎರಡು ಕಾರಣ. ಪಿಸಿಯಲ್ಲಿ ಓಡೋದು ಕುಂಟುತ್ತಿತ್ತು. ಕಥೆ ಮುಗಿದ ಮೇಲೆ ಬೇಟೆಯಾಡೋಕೆ ಸಾಕಷ್ಟು ಇರಲಿಲ್ಲ. ಮಾನ್ಸ್ಟರ್ ಹಂಟರ್ ಆಡೋರಿಗೆ ಕಥೆ ಅನ್ನೋದು ಬಾಗಿಲು ಅಷ್ಟೇ, ನಿಜವಾದ ಗೇಮ್ ಅಲ್ಲಿಂದ ಶುರು. ಬಾಗಿಲು ದಾಟಿದ ತಕ್ಷಣ ಬರೆಯೋಕೆ ಕೂರಬೇಕಾದವನು ಒಳಗಿನ ಮನೆ ಚಿಕ್ಕದು ಅಂತ ಹೇಗೆ ಹೇಳ್ತಾನೆ?

ಓಡೋದು ಅನ್ನೋ ವಿಷಯಕ್ಕೆ ಬಂದರೆ, ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹುಬ್ಬಳ್ಳಿಯಲ್ಲಿರೋ ನನ್ನ ಗೆಳೆಯ ಯಾವ ಗೇಮ್ ಬಂದರೂ ಕೇಳೋದು ಒಂದೇ: ‘ಹೆಂಗೈತಿ ಗೇಮು? ನನ್ನ ಹಳೇ ಗ್ರಾಫಿಕ್ಸ್ ಕಾರ್ಡಿನ್ಯಾಗ ಓಡತೈತೇನ?’ ಕಥೆ, ಸಂಗೀತ, ಮೆಟಾಕ್ರಿಟಿಕ್ ಎಲ್ಲ ಅವನಿಗೆ ಆಮೇಲೆ. ಹೊಸ ದೊಡ್ಡ ಗೇಮ್‌ಗಳು ನಾಲ್ಕೈದು ಸಾವಿರ ರೂಪಾಯಿ ಆಗಿರೋ ಕಾಲದಲ್ಲಿ ಅವನ ಪ್ರಶ್ನೆ ನ್ಯಾಯವಾದದ್ದೇ. ದೊಡ್ಡ ಸೈಟಿನ ರಿವ್ಯೂವರ್ ಹತ್ತಿರ ಹೊಸ ಕಾರ್ಡ್ ಇರುತ್ತದೆ, ಇಲ್ಲ ಪ್ಲೇಸ್ಟೇಷನ್‌ನಲ್ಲಿ ಆಡಿರುತ್ತಾರೆ. ರಿವ್ಯೂ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಯಾವುದರಲ್ಲಿ ಆಡಿದೆ ಅಂತ ಬರೆದಿರುತ್ತಾರೆ. ಮೊದಲ ಸಾಲಿನಲ್ಲೇ ಬರೆಯಬೇಕಾದ ಮಾತು ಅದು.

ಸ್ಟೀಮ್‌ನಲ್ಲಿ ದುಡ್ಡು ವಾಪಸ್ ತಗೊಳ್ಳೋ ದಾರಿ ಇದೆಯಲ್ಲ ಅನ್ನಬಹುದು. ಇದೆ. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ಕೇಳಿದರೆ ಕೊಡುತ್ತಾರೆ. ಒಳ್ಳೇ ನಿಯಮ. ಆದರೆ ಈಗಿನ ಕೆಲವು ಗೇಮ್‌ಗಳು ಮೊದಲ ಸಲ ತೆರೆದಾಗ ಚಿತ್ರ ಮೂಡಿಸೋ ಕೋಡ್ ಸಿದ್ಧ ಮಾಡುತ್ತಾ ‘ಶೇಡರ್ ತಯಾರಾಗ್ತಿದೆ’ ಅಂತ ಕೂತುಬಿಡುತ್ತವೆ. ಹಳೇ ಪ್ರೊಸೆಸರ್ ಆದರೆ ಊಟ ಮಾಡಿ ಬರಬಹುದು. ಆ ಹೊತ್ತೂ ಆಡಿದ ಲೆಕ್ಕಕ್ಕೇ ಸೇರುತ್ತದೆ. ಒಂದು ಗೇಮ್‌ನಲ್ಲಿ, ಹೆಸರು ಬೇಡ, ಶೇಡರ್ ಮುಗಿದು, ಸೆಟ್ಟಿಂಗ್ಸ್ ಎಲ್ಲ ಇಳಿಸಿ, ಪಾತ್ರದ ಮೂಗು ಹುಬ್ಬು ತಿದ್ದಿ ಮುಗಿಸೋ ಹೊತ್ತಿಗೆ ನನ್ನ ಎರಡು ಗಂಟೆಯಲ್ಲಿ ದೊಡ್ಡ ಪಾಲು ಹೋಗಿತ್ತು. ಪಟ್ಟಣದ ಒಳಗೆ ಕಾಲಿಟ್ಟಾಗ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡೋ ಚಿತ್ರಗಳ ಲೆಕ್ಕ) ಕುಸಿಯಿತು, ಗಡಿಯಾರ ನೋಡಿದರೆ ಎರಡು ಗಂಟೆ ದಾಟಿತ್ತು. ಪಟ್ಟಣ ಅಂದರೆ ‘ಡ್ರ್ಯಾಗನ್ಸ್ ಡಾಗ್ಮಾ 2’ ನೆನಪಾಗುತ್ತದೆ. 2024ರ ಮಾರ್ಚ್‌ನಲ್ಲಿ ಬಂದ ಗೇಮ್. ಊರಲ್ಲಿ ಓಡಾಡೋ ಪ್ರತಿಯೊಬ್ಬನ ಲೆಕ್ಕವನ್ನೂ ಪ್ರೊಸೆಸರ್ ಇಡಬೇಕಾಗಿ, ಜನ ಜಾಸ್ತಿ ಇದ್ದ ಕಡೆ ಉಸಿರು ಕಟ್ಟುತ್ತಿತ್ತು. ಆಡುತ್ತಿದ್ದ ಕೆಲವರು ಊರಿನವರನ್ನೇ ಕೊಂದುಹಾಕಿ ಫ್ರೇಮ್ ರೇಟ್ ಹೆಚ್ಚಿಸಿಕೊಂಡರು. ನಗಬೇಕೋ ಅಳಬೇಕೋ.

ಸ್ಟೀಮ್ ರಿವ್ಯೂ ಅನ್ನೋದು ರಿವ್ಯೂಗಿಂತ ಹೆಚ್ಚಾಗಿ ದೂರಿನ ಪೆಟ್ಟಿಗೆ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಆಡೋ ಪಿಸಿಯವರೂ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಅಂತ ಸೋನಿ ಹೇಳಿತು. ಆ ಖಾತೆ ತೆರೆಯೋಕೇ ಆಗದ ದೇಶಗಳು ಎಷ್ಟೋ ಇವೆ. ಮೂರ್ನಾಲ್ಕು ದಿನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಂಪು ಹೆಬ್ಬೆರಳು ಬಿದ್ದವು. ಸೋನಿ ಹಿಂದೆ ಸರಿಯಿತು. ಗೇಮ್ ಮಾಡಿದ ಆರೋಹೆಡ್ ತಂಡದವರು ಆ ಕೆಂಪು ಗ್ರಾಫನ್ನೇ ಹೋಲುವ ಗೇಮ್‌ನ ಪಾತ್ರಗಳು ತೊಡೋ ಒಂದು ಕೇಪ್ ವಿನ್ಯಾಸ ಮಾಡಿದರು. ಗೇಮ್ ಮೊದಲ ದಿನ ಎಷ್ಟು ಚೆನ್ನಾಗಿತ್ತೋ ಆ ವಾರವೂ ಅಷ್ಟೇ ಚೆನ್ನಾಗಿತ್ತು. ಜನ ಮಾರ್ಕ್ಸ್ ಕೊಟ್ಟದ್ದು ಗೇಮ್‌ಗಲ್ಲ, ಸೋನಿಗೆ. ಕೆಲಸ ಆಯಿತಲ್ಲ, ನನಗೆ ಬೇಜಾರಿಲ್ಲ. ಆದರೆ ಆ ವಾರ ಹೊಸದಾಗಿ ಗೇಮ್ ಹುಡುಕಿಕೊಂಡು ಬಂದವನಿಗೆ ಆ ಪುಟದಿಂದ ಏನೂ ತಿಳಿಯುತ್ತಿರಲಿಲ್ಲ.

ಸಿಲ್ಕ್‌ಸಾಂಗ್‌ಗೂ ಇಂಥದ್ದೇ ಒಂದು ಆಯಿತು. ಇಡೀ ಜಗತ್ತಿನಲ್ಲಿ ನೀಲಿ ಹೆಬ್ಬೆರಳು ಸುರಿಯುತ್ತಿರುವಾಗ ಚೀನೀ ಭಾಷೆಯ ರಿವ್ಯೂಗಳಲ್ಲಿ ಕೆಂಪು. ಅನುವಾದ ತೀರಾ ಹಳೇ ನಾಟಕದ ಮಾತಿನಂತಿದೆ, ಓದೋಕಾಗಲ್ಲ ಅನ್ನೋದು ದೂರು. ಸರಿಮಾಡುತ್ತೇವೆ ಅಂತ ತಂಡ ಹೇಳಬೇಕಾಯಿತು. ಇದಕ್ಕೆ ಕೆಲವೇ ದಿನ ಮೊದಲು, 2025ರ ಆಗಸ್ಟ್‌ನಲ್ಲಿ, ಸ್ಟೀಮ್ ಭಾಷೆವಾರು ಮಾರ್ಕ್ಸ್ ತೋರಿಸೋಕೆ ಶುರು ಮಾಡಿತ್ತು. ನೀವು ಯಾವ ಭಾಷೆಯಲ್ಲಿ ಅಂಗಡಿ ನೋಡುತ್ತೀರೋ ಆ ಭಾಷೆಯವರ ತೀರ್ಪು ನಿಮಗೆ ಮೊದಲು ಕಾಣುತ್ತದೆ. ಅನುವಾದ ಕೆಟ್ಟಿದ್ದರೆ ಅದನ್ನು ಓದಬೇಕಾದವರಿಗೆ ತಾನೇ ಕಷ್ಟ, ಹಾಗಾಗಿ ಇದು ಸರಿಯಾದ ಬದಲಾವಣೆ.

ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ನಾವು ಕನ್ನಡದಲ್ಲಿ ಬೈದರೂ ಹೊಗಳಿದರೂ ಅದು ಬೇರೆ ಯಾವುದೋ ಭಾಷೆಯ ಲೆಕ್ಕಕ್ಕೆ ಹೋಗುತ್ತದೆ. ಹಾಗಂತ ಕನ್ನಡದಲ್ಲಿ ಗೇಮ್ ಮಾತೇ ಇಲ್ಲ ಅಂತಲ್ಲ. ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಸ್ಟ್ರೀಮ್ ಮಾಡೋ ಹುಡುಗರು ಇದ್ದಾರೆ. ಹೆಚ್ಚಿನದು ಬಿಜಿಎಂಐ, ಜಿಟಿಎ, ಭಯದ ಗೇಮ್‌ಗಳು. ಅವರು ‘ರಿವ್ಯೂ’ ಅಂತ ಹೆಸರಿಡಲ್ಲ. ಆದರೆ ಒಂದು ಸಂಜೆ ಪೂರ್ತಿ ಅವರು ಆಡೋದು ನೋಡಿದರೆ ಗೇಮ್ ಎಲ್ಲಿ ಬೋರ್ ಹೊಡೆಸುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನಮ್ಮ ಕಣ್ಣಿಗೇ ಕಾಣುತ್ತದೆ. ಒಂದು ಲೋಡಿಂಗ್ ಸ್ಕ್ರೀನ್‌ನಲ್ಲಿ ಅವರು ಸುಮ್ನೆ ಬಿಟ್ಟ ನಿಟ್ಟುಸಿರು ಎರಡು ಪ್ಯಾರಾ ರಿವ್ಯೂಗೆ ಸಮ.

ಮಾರ್ಕ್ಸ್ ಅನ್ನೋದನ್ನೇ ತೆಗೆದುಹಾಕಬೇಕಾ? ಕೆಲವು ಸೈಟುಗಳು ತೆಗೆದಿವೆ. ಒಂದು ಸಂಖ್ಯೆಗೆ ಎಷ್ಟು ಭಾರ ಇರುತ್ತದೆ ಅನ್ನೋದಕ್ಕೆ 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಕಥೆ ಸಾಕು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಮಾಡಿದ ಅಬ್ಸಿಡಿಯನ್ ತಂಡಕ್ಕೆ ಬೋನಸ್ ಅಂತ ಒಪ್ಪಂದ. ಬಂದದ್ದು 84. ಬೋನಸ್ ಸಿಗಲಿಲ್ಲ. ಇವತ್ತು ಆ ಸರಣಿಯಲ್ಲೇ ಒಳ್ಳೇದು ಅದು ಅನ್ನೋರು ಎಷ್ಟೋ ಜನ. ನನಗೂ ಅದೇ. ಬಂದ ದಿನ ಅದು ಬಗ್‌ಗಳ ಗೂಡಾಗಿತ್ತು ಅನ್ನೋದೂ ನಿಜ. ಆ 84 ಕೊಟ್ಟವರು ಮೋಸ ಮಾಡಲಿಲ್ಲ, ಆ ವಾರ ಕಂಡದ್ದನ್ನೇ ಬರೆದರು. ಆ ವಾರದ ಸಂಖ್ಯೆ ಮಾತ್ರ ಇವತ್ತಿಗೂ ಹಾಗೇ ಕೂತಿದೆ.

‘ಸೈಬರ್‌ಪಂಕ್ 2077’ದು ಇದರ ಉಲ್ಟಾ. 2020ರ ಡಿಸೆಂಬರ್ 10ಕ್ಕೆ ಮುಂಚೆ ರಿವ್ಯೂವರ್‌ಗಳಿಗೆ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ತೋರಿಸೋ ಹಾಗಿಲ್ಲ, ಕಂಪನಿ ಕೊಟ್ಟ ವಿಡಿಯೊ ತುಣುಕನ್ನೇ ಹಾಕಬೇಕು. ಮಾರ್ಕ್ಸ್ ಚೆನ್ನಾಗೇ ಬಂತು. ಹಳೇ ಪ್ಲೇಸ್ಟೇಷನ್ 4ರಲ್ಲಿ ತೆರೆದವರಿಗೆ ಕಂಡದ್ದೇ ಬೇರೆ. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದಲೇ ಗೇಮ್ ತೆಗೆದುಹಾಕಿತು. ವಾಪಸ್ ಬಂದದ್ದು ಮರುವರ್ಷ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ನಾನು ಆಡಿದ ಸೈಬರ್‌ಪಂಕ್ ನಿಜಕ್ಕೂ ಒಳ್ಳೇ ಗೇಮ್. ಮಳೆ ಬಿದ್ದ ರಾತ್ರಿ ಆ ಊರಲ್ಲಿ ಕೆಲಸ ಇಲ್ಲದೆ ಕಾರು ಓಡಿಸೋದೇ ಒಂದು ಸುಖ. ಆದರೆ ಅದನ್ನು ಪೂರ್ತಿ ದುಡ್ಡು ಕೊಟ್ಟು ಮೊದಲ ದಿನ ಕೊಂಡವರಿಗೆ ಈ ಸುಖದ ಮಾತು ಹೇಳೋಕೆ ಹೋದರೆ ಬೈಸಿಕೊಳ್ಳಬೇಕು. ಬೈಯೋದು ಸರಿ.

ಹಾಗಾಗಿ ಈಗ ನಾನು ಓದೋ ಕ್ರಮ ಹೀಗಿದೆ. ಬಿಡುಗಡೆ ವಾರದ ರಿವ್ಯೂ ಓದಿದರೆ ಅದರಲ್ಲಿ ಬೈದ ಭಾಗ ಮಾತ್ರ ಓದುತ್ತೇನೆ. ಅಷ್ಟು ಅವಸರದಲ್ಲೂ ಕಣ್ಣಿಗೆ ಬಿದ್ದ ತಪ್ಪು ಅಂದರೆ ದೊಡ್ಡದೇ ಇರಬೇಕು. ಹೊಗಳಿದ ಭಾಗ ಎರಡು ತಿಂಗಳು ಕಾಯಬಹುದು. ಸ್ಟೀಮ್‌ನಲ್ಲಿ ಮೂವತ್ತು ನಲವತ್ತು ಗಂಟೆ ಆಡಿದವರು ಬರೆದದ್ದನ್ನು ಹುಡುಕುತ್ತೇನೆ, ಅದರಲ್ಲೂ ‘ಇಷ್ಟ ಆಯ್ತು, ಆದರೆ’ ಅಂತ ಶುರುವಾಗೋದನ್ನು. ಆ ‘ಆದರೆ’ ಮುಂದೆ ಇರೋದೇ ನನಗೆ ಬೇಕಾದ ಮಾತು.

‘ಬಲಾತ್ರೊ’ ಥರದ ಗೇಮ್‌ಗೆ ಇದೂ ಸಾಲಲ್ಲ. ಇಸ್ಪೀಟಿನ ಪೋಕರ್ ಕೈಗಳನ್ನು ಹಿಡಿದು, ಜೋಕರ್‌ಗಳನ್ನು ಸಾಲಾಗಿ ಇಟ್ಟು ಅಂಕ ಹೆಚ್ಚಿಸಿಕೊಳ್ಳೋ ಈ ಗೇಮ್ ಅನ್ನು ಮಾಡಿದ್ದು ಕೆನಡಾದ ಒಬ್ಬನೇ ವ್ಯಕ್ತಿ, ಲೋಕಲ್‌ಥಂಕ್ ಅನ್ನೋ ಗುಪ್ತ ಹೆಸರಿನಲ್ಲಿ. 2024ರ ಫೆಬ್ರವರಿಯಲ್ಲಿ ಬಂತು. ಜೂಜು ಇಲ್ಲದಿದ್ದರೂ ಇಸ್ಪೀಟಿನ ಚಿತ್ರ ಇದೆ ಅಂತ ಯುರೋಪಿನ ಪೆಗಿ ಸಂಸ್ಥೆ ಇದಕ್ಕೆ 18 ವರ್ಷ ದಾಟಿದವರಿಗೆ ಅಂತ ಮುದ್ರೆ ಹೊಡೆದಿತ್ತು, ಒಂದು ವರ್ಷ ಆದ ಮೇಲೆ 12ಕ್ಕೆ ಇಳಿಸಿತು. ಇದನ್ನು ಎಷ್ಟು ಹೊತ್ತು ಆಡಿದ ಮೇಲೆ ರಿವ್ಯೂ ಬರೆಯಬೇಕು ಅಂತ ನನಗೆ ಇನ್ನೂ ಹೊಳೆದಿಲ್ಲ. ಮುಗಿಯೋದಿದ್ದರೆ ತಾನೇ.

ಮುಂದಿನ ದೊಡ್ಡ ಗದ್ದಲ ‘ಜಿಟಿಎ 6’. ಬೆಂಗಳೂರಲ್ಲೂ ರಾಕ್‌ಸ್ಟಾರ್‌ನ ಸ್ಟುಡಿಯೊ ಇರೋದರಿಂದ ಇಲ್ಲಿ ಆ ಹೆಸರಿಗೆ ಸ್ವಲ್ಪ ಜಾಸ್ತಿಯೇ ಬಿಸಿ. ಈಗ ಕೊಟ್ಟಿರೋ ತಾರೀಕು 2026ರ ನವೆಂಬರ್ 19. ಅಷ್ಟು ದೊಡ್ಡ ಊರನ್ನು ರಿವ್ಯೂವರ್‌ಗಳು ಎಷ್ಟು ದಿನದಲ್ಲಿ ಸುತ್ತಿ ಮುಗಿಸಬೇಕೋ, ಪಾಪ. ಆ ತಾರೀಕಿಗೆ ಘೋಷಣೆ ಆಗಿರೋದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗೆ ಮಾತ್ರ, ಪಿಸಿ ಹೆಸರೇ ಇಲ್ಲ. ನಾನು ಪಿಸಿಯವನು. ನನ್ನ ಸರದಿ ಬರೋ ಹೊತ್ತಿಗೆ ಪ್ಯಾಚ್‌ಗಳೂ ಬಂದಿರುತ್ತವೆ, ಹುಬ್ಬಳ್ಳಿಯ ಗೆಳೆಯ ಕಾರ್ಡ್ ಬದಲಾಯಿಸಿರುತ್ತಾನೆ ಅಂತ ಅಂದುಕೊಂಡಿದ್ದೇನೆ. ಅವನೇನೋ ಪ್ಲೇಸ್ಟೇಷನ್‌ಗೆ ಇಎಂಐ ಲೆಕ್ಕ ಹಾಕ್ತಿದ್ದಾನಂತೆ.